‘ಮಾಸ್ಕ್ ಹಾಕಿರಲಿಲ್ಲ’ ಎಂಬ ಷರಾ

ಸೆಪ್ಟೆಂಬರಿನ ಬೆಳಗು. ರಾಯಚೂರು, ಯಾದಗಿರಿ ಕಡೆಯ ಯಾವ ಹತ್ತಿ ಹೊಲವಾದರೂ ಸರಿ. ಗಿಡ ಎದೆಮಟ್ಟ ಬೆಳೆದು ಸಾಲಿಗೆ ಸಾಲು ಕೂಡಿಕೊಂಡಿದೆ. ಬದುವಿನ ಮೇಲೆ ನೀರಿನ ಡ್ರಮ್ಮು, ಪಕ್ಕದಲ್ಲಿ ಎರಡು ಮೂರು ಬಗೆಯ ಎಣ್ಣೆಯ, ಎಂದರೆ ಕೀಟನಾಶಕದ, ಬಾಟಲಿಗಳು. ಮುಚ್ಚಳದಲ್ಲಿ ಅಳೆದು ಬಕೆಟ್ಟಿಗೆ ಸುರಿದದ್ದನ್ನು ಕಡ್ಡಿ ಸಿಕ್ಕರೆ ಕಡ್ಡಿಯಿಂದ, ಸಿಗದಿದ್ದರೆ ಕೈಯಿಂದಲೇ ಕಲಕಿ 16 ಲೀಟರಿನ ಪಂಪಿಗೆ ತುಂಬುತ್ತಾರೆ. ಪಂಪು ಬೆನ್ನಿಗೇರುತ್ತದೆ. ಮುಚ್ಚಳದ ವಾಷರ್ ಎಂದೋ ಸವೆದಿರುತ್ತದೆ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಬನಿಯನ್ನಿನ ಬೆನ್ನು ಒದ್ದೆ. ತಲೆಗೆ ಟವೆಲ್ಲು, ಕಾಲಿಗೆ ಹವಾಯಿ ಚಪ್ಪಲಿ ಅಥವಾ ಅದೂ ಇಲ್ಲ. ನಾಜಲ್ ಕಟ್ಟಿಕೊಂಡರೆ ಬಿಚ್ಚಿ ಬಾಯಿಂದ ಊದಿ ಮತ್ತೆ ಸಿಕ್ಕಿಸುವುದು. ಕೂಲಿ ದಿನಕ್ಕಿಷ್ಟು ಅಂತಲ್ಲದೆ ಟ್ಯಾಂಕಿಗಿಷ್ಟು ಎಂದು ಮಾತಾಗಿದ್ದರೆ ನಡುವೆ ಕೈಕಾಲು ತೊಳೆಯಲು ನಿಂತ ಹೊತ್ತೆಲ್ಲ ನಷ್ಟವೇ. ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತಿದರೆ ಬಿಸಿಲು ಬಡಿದಿದೆ ಅಂದುಕೊಂಡು ನೆರಳಿಗೆ ಕೂರುತ್ತಾರೆ.

ಈ ದೃಶ್ಯ ಕಂಡ ಕೂಡಲೇ ಓದು ಬಲ್ಲ ಯಾರ ಬಾಯಿಂದಲೂ ಬರುವ ಮಾತು ಒಂದೇ: ಕೈಗವಸು ಹಾಕಬೇಕಿತ್ತು, ಮಾಸ್ಕ್ ತೊಡಬೇಕಿತ್ತು, ಲೇಬಲ್ ಓದಬೇಕಿತ್ತು. ಕೃಷಿ ಇಲಾಖೆಯ ಕರಪತ್ರ ಹೇಳುವುದೂ, ಕಂಪನಿಯ ಸಲಹೆ ಹೇಳುವುದೂ, ಯಾರಾದರೂ ಸತ್ತಾಗ ವರದಿಯ ಕೊನೆಯಲ್ಲಿ ಬೀಳುವ ಷರಾವೂ ಇದೇ. ಮಾತು ಸುಳ್ಳಲ್ಲ. ಆದರೆ ಅದು ತಪ್ಪಿನ ಪೂರ್ತಿ ಭಾರವನ್ನು ಆ ಸರಪಳಿಯ ತೀರಾ ಕೊನೆಯಲ್ಲಿರುವವನ ಬೆನ್ನಿಗೆ ಹೊರಿಸಿಬಿಡುತ್ತದೆ. ಯಾವ ವಿಷ ಮಾರುಕಟ್ಟೆಗೆ ಬರಬೇಕು, ಯಾವ ಪಂಪು ಮಾರಾಟವಾಗಬೇಕು, ಯಾವುದನ್ನು ಯಾವುದರ ಜೊತೆ ಬೆರೆಸಬೇಕು, ಕೂಲಿ ಹೇಗೆ ಕೊಡಬೇಕು ಎಂಬ ಒಂದು ತೀರ್ಮಾನವೂ ಅವನದಲ್ಲ. ಸಿಂಪಡಣೆಯ ವಿಷಬಾಧೆಗೆ ಕಾರಣ ಹುಡುಕುವವರು ಹೊಲದಿಂದ ಶುರುಮಾಡಿ ಹೊಲದಲ್ಲೇ ಮುಗಿಸುತ್ತಾರೆ. ಆ ಹುಡುಕಾಟ ಶುರುವಾಗಬೇಕಾದದ್ದು ಕೀಟನಾಶಕಗಳ ನೋಂದಣಿ ಕಚೇರಿಯಿಂದ.

ಯವತ್ಮಾಳದ ಮಳೆಗಾಲ

2017ರ ಜುಲೈಯಿಂದ ಅಕ್ಟೋಬರ್‌ವರೆಗೆ ಮಹಾರಾಷ್ಟ್ರದ ವಿದರ್ಭದಲ್ಲಿ ನಡೆದದ್ದನ್ನು ಇದಕ್ಕೆ ಸಾಕ್ಷಿಯಾಗಿ ನೋಡಬಹುದು. ಯವತ್ಮಾಳ ಜಿಲ್ಲೆಯೊಂದರಲ್ಲೇ ಹತ್ತಿಗೆ ಔಷಧಿ ಹೊಡೆಯಲು ಹೋದವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ನೂರಾರು ಜನ ವಾಂತಿ, ಉಸಿರಾಟದ ತೊಂದರೆ, ಕಣ್ಣು ಮಂಜಾಗುವುದು ಇಂಥ ಬಾಧೆಯಿಂದ ಆಸ್ಪತ್ರೆ ಸೇರಿದರು. ಹಿಂದಿನ ವರ್ಷವೂ ಅದೇ ಕೆಲಸ ನಡೆದಿತ್ತು, ಆಗಲೂ ಮಾಸ್ಕ್ ಇಲ್ಲದೆಯೇ ನಡೆದಿತ್ತು. ಹಾಗಾದರೆ ಆ ವರ್ಷ ಬದಲಾದದ್ದೇನು? ಉತ್ತರ ಕೂಲಿಯವನ ಅಭ್ಯಾಸದಲ್ಲಿಲ್ಲ, ಅವನ ಸುತ್ತ ಬದಲಾದ ಸಂಗತಿಗಳಲ್ಲಿದೆ.

2002ರಲ್ಲಿ, ಕಾಯಿಕೊರಕಕ್ಕೆ ಗಿಡವೇ ವಿಷ ತಯಾರಿಸುವ ಕುಲಾಂತರಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಾಗ ಕಾಯಿಕೊರಕದ ಕಾಟ ತಪ್ಪಿತು, ಸಿಂಪಡಣೆಯೂ ಇಳಿಯಿತು. ಆದರೆ ವರ್ಷಗಳು ಉರುಳಿದಂತೆ ಗುಲಾಬಿ ಕಾಯಿಕೊರಕ ಆ ತಳಿಗಳ ವಿಷಕ್ಕೆ ಒಗ್ಗಿಕೊಂಡಿತು. ರಸ ಹೀರುವ ಹುಳಗಳಿಗಂತೂ ಬಿಟಿ ಮೊದಲಿನಿಂದಲೂ ಔಷಧಿಯಲ್ಲ. ಹೀಗೆ ಸಿಂಪಡಣೆ ಮತ್ತೆ ಏರಿತು. ಒಂದು ಎಣ್ಣೆಗೆ ಹುಳ ಬಗ್ಗದಿದ್ದರೆ ಎರಡು ಮೂರನ್ನು ಒಂದೇ ಟ್ಯಾಂಕಿಗೆ ಬೆರೆಸುವುದು ರೂಢಿಯಾಯಿತು. 2017ರಲ್ಲಿ ಗಿಡಗಳು ಎಂದಿಗಿಂತ ಎತ್ತರ ಬೆಳೆದು ಆಳನ್ನು ಮುಚ್ಚಿದವು. ಮೊಣಕಾಲೆತ್ತರದ ಬೆಳೆಗೆ ಹೊಡೆಯುವವನು ನಳಿಕೆಯನ್ನು ಕೆಳಕ್ಕೆ ಬಾಗಿಸುತ್ತಾನೆ. ತಲೆಯೆತ್ತರದ ಬೆಳೆಗೆ ಮೇಲಕ್ಕೆತ್ತುತ್ತಾನೆ, ಹಾರಿದ ಹನಿ ಅವನ ಮುಖದ ಮೇಲೇ ಇಳಿಯುತ್ತದೆ. ಗಾಳಿಯಾಡದ ದಟ್ಟ ಸಾಲಿನಲ್ಲಿ, ಸೆಕೆಯಲ್ಲಿ, ಕೈಪಂಪಿಗಿಂತ ಬಿರುಸಾಗಿ ನುಣ್ಣನೆ ಹನಿ ಚಿಮ್ಮಿಸುವ ಅಗ್ಗದ ಬ್ಯಾಟರಿ ಪಂಪು ಹಿಡಿದು, ತಾನೇ ಸಿಂಪಡಿಸಿದ ಮಂಜಿನೊಳಗೆ ಅವನು ಗಂಟೆಗಟ್ಟಲೆ ನಡೆದ. ಆಮೇಲೆ ಸರ್ಕಾರ ವಿಶೇಷ ತನಿಖಾ ತಂಡ ನೇಮಿಸಿತು, ಕೆಲವು ಕೀಟನಾಶಕಗಳ ಮಾರಾಟಕ್ಕೆ ತಾತ್ಕಾಲಿಕ ತಡೆ ಬಿತ್ತು, ಊರೂರಿಗೆ ಸುರಕ್ಷಾ ಕಿಟ್‌ಗಳು ಬಂದವು. ಎಲ್ಲರ ಕಣ್ಣಿಗೂ ಎದ್ದು ಕಂಡದ್ದು ಕಿಟ್.

ವಿಷ ಒಳಹೊಗುವ ದಾರಿ

ವಿಷ ಮೂಗಿನಿಂದ ಹೋಗುತ್ತದೆ ಎಂದೇ ಬಹಳ ಜನ ನಂಬಿದ್ದಾರೆ. ಮೂಗಿಗೆ ಟವೆಲ್ಲು ಕಟ್ಟುವ ರೂಢಿ ಬಂದದ್ದೂ ಆ ನಂಬಿಕೆಯಿಂದ. ಹೊಲದ ಸಿಂಪಡಣೆಯಲ್ಲಿ ಮುಖ್ಯ ದಾರಿ ಚರ್ಮ. ಹನಿಗಳಲ್ಲಿ ಬಹುಪಾಲು ಶ್ವಾಸಕೋಶದ ಆಳಕ್ಕೆ ಇಳಿಯಲಾರದಷ್ಟು ದಪ್ಪ. ಅವು ಕೂರುವುದು ಮೈಮೇಲೆ. ಚರ್ಮವಾದರೂ ಎಲ್ಲ ಕಡೆ ಒಂದೇ ಸಮ ಇಲ್ಲ. ಪ್ಯಾರಾಥಿಯಾನ್ ಎಂಬ ಕೀಟನಾಶಕವನ್ನು ಸ್ವಯಂಸೇವಕರ ಮೈಯ ಬೇರೆ ಬೇರೆ ಕಡೆ ಹಚ್ಚಿ ಎಷ್ಟು ಒಳಹೋಗುತ್ತದೆಂದು ಅಮೆರಿಕದಲ್ಲಿ 1971ರ ಸುಮಾರಿಗೆ ಅಳೆದಿದ್ದಾರೆ. ಮುಂಗೈ ಮೇಲೆ ಹಚ್ಚಿದ್ದರಲ್ಲಿ ಶೇ 9ರಷ್ಟು ಒಳಹೋದರೆ, ನೆತ್ತಿಯಿಂದ ಶೇ 32, ಹಣೆಯಿಂದ ಶೇ 36, ಕಂಕುಳಿನಿಂದ ಶೇ 64, ವೃಷಣದ ಚರ್ಮದಿಂದ ಹೆಚ್ಚುಕಡಿಮೆ ಪೂರ್ತಿ. ಇಂಥ ಪ್ರಯೋಗವನ್ನು ಇವತ್ತು ಯಾವ ನೈತಿಕ ಸಮಿತಿಯೂ ಒಪ್ಪಲಾರದು, ಆದರೆ ಅಂಕಿಗಳು ಉಳಿದುಕೊಂಡಿವೆ. ಬೆನ್ನಿನ ಪಂಪಿನಿಂದ ಸೋರಿದ್ದು ಸೊಂಟದ ಕೆಳಗೆ ಇಳಿದು ಚಡ್ಡಿಯಲ್ಲಿ ನಿಲ್ಲುವುದಕ್ಕೂ, ಹಣೆಯ ಬೆವರನ್ನು ಎಣ್ಣೆಯ ಕೈಯಲ್ಲೇ ಒರೆಸಿಕೊಳ್ಳುವುದಕ್ಕೂ ಏನರ್ಥ ಎಂದು ಈ ಅಂಕಿಗಳೇ ಹೇಳುತ್ತವೆ. ಬಿಸಿಲು, ಬೆವರು ಸೇರಿದರೆ ಚರ್ಮ ಇನ್ನಷ್ಟು ಹೀರುತ್ತದೆ. ಮೂಗಿಗೆ ಕಟ್ಟಿದ ಟವೆಲ್ಲೂ ಒದ್ದೆಯಾದ ಮೇಲೆ ವಿಷವನ್ನು ತಡೆಯುವುದಿಲ್ಲ, ಬಾಯಿಯ ಹತ್ತಿರವೇ ಹಿಡಿದಿಟ್ಟುಕೊಳ್ಳುತ್ತದೆ.

ಒಳಹೊಕ್ಕ ಮೇಲೆ ಏನಾಗುತ್ತದೆ? ಹಳೆಯ, ಅಗ್ಗದ, ಹೆಚ್ಚು ಬಳಕೆಯಲ್ಲಿದ್ದ ಕೀಟನಾಶಕಗಳಲ್ಲಿ ಬಹಳಷ್ಟು ಆರ್ಗನೊಫಾಸ್ಫೇಟ್ ಗುಂಪಿನವು: ಮೊನೊಕ್ರೊಟೊಫಾಸ್, ಪ್ರೊಫೆನೊಫಾಸ್, ಕ್ಲೋರ್‌ಪೈರಿಫಾಸ್. ನರದಿಂದ ಸ್ನಾಯುವಿಗೆ ಸಂದೇಶ ಒಯ್ಯುವ ರಾಸಾಯನಿಕವೊಂದನ್ನು, ಅದರ ಕೆಲಸ ಮುಗಿದ ಕ್ಷಣವೇ ಒಡೆದುಹಾಕುವ ಕಿಣ್ವ ನಮ್ಮ ಮೈಯಲ್ಲಿದೆ, ಹೆಸರು ಕೋಲಿನೆಸ್ಟರೇಸ್. ಈ ವಿಷಗಳು ಆ ಕಿಣ್ವವನ್ನು ಕಟ್ಟಿಹಾಕುತ್ತವೆ. ಕಾಲುವೆಯ ತೂಬು ತೆರೆದವನಿದ್ದಾನೆ, ಮುಚ್ಚುವವನಿಲ್ಲ ಎಂಬಂತೆ ಸಂದೇಶ ಹರಿಯುತ್ತಲೇ ಇರುತ್ತದೆ. ಜೊಲ್ಲು, ಕಣ್ಣೀರು, ಬೆವರು ಸುರಿಯುತ್ತವೆ, ಕಣ್ಣಪಾಪೆ ಸಾಸಿವೆಯಷ್ಟಕ್ಕೆ ಕುಗ್ಗುತ್ತದೆ, ಮಾಂಸಖಂಡ ಅದುರುತ್ತದೆ, ಎದೆಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಅಟ್ರೋಪಿನ್ ಎಂಬ ಅಗ್ಗದ ಚುಚ್ಚುಮದ್ದು ಸಕಾಲಕ್ಕೆ ಸಿಕ್ಕರೆ ಜೀವ ಉಳಿಯಬಹುದು. ಆದರೆ ಎಲ್ಲ ವಿಷಕ್ಕೂ ಹೀಗೆ ಪ್ರತಿವಿಷವಿಲ್ಲ. ಹತ್ತಿಗೆ ಹೊಡೆಯುವ ಡಯಾಫೆಂಥಿಯುರಾನ್‌ಗೆ ನಿರ್ದಿಷ್ಟವಾದದ್ದಿಲ್ಲ, ಕಳೆನಾಶಕ ಪ್ಯಾರಾಕ್ವಾಟ್‌ಗೂ ಇಲ್ಲ.

ಇಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ಕೆಂಪು ರಕ್ತಕಣದಲ್ಲಿ ಒಮ್ಮೆ ನಿಷ್ಕ್ರಿಯವಾದ ಕಿಣ್ವ ದಿನಕ್ಕೆ ಸುಮಾರು ಶೇ 1ರಷ್ಟೇ ಮರಳುತ್ತದೆ. ಪೂರ್ತಿ ಸುಧಾರಿಸಲು ಮೂರು ನಾಲ್ಕು ತಿಂಗಳು ಬೇಕು. ವಾರಕ್ಕೆ ಮೂರು ದಿನ ಬೇರೆ ಬೇರೆಯವರ ಹೊಲಕ್ಕೆ ಹೊಡೆಯಲು ಹೋಗುವ ಕೂಲಿಯವನಿಗೆ ಆ ಬಿಡುವು ಸಿಗುವುದಿಲ್ಲ. ಪ್ರತಿ ಸಲವೂ ಕಿಣ್ವ ಸ್ವಲ್ಪ ಸ್ವಲ್ಪ ಇಳಿಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ, ಒಂದು ದಿನ ಎಂದಿನಷ್ಟೇ ಎಣ್ಣೆ ತಾಗಿದವನು ಕುಸಿಯುತ್ತಾನೆ. “ಇಪ್ಪತ್ತು ವರ್ಷದಿಂದ ಹೊಡೀತಿದೀನಿ, ನನಗೇನೂ ಆಗಿಲ್ಲ” ಎನ್ನುವವನು ಸುಳ್ಳು ಹೇಳುತ್ತಿಲ್ಲ. ಆದರೆ ಆ ಮಾತು ಮುಂದಿನ ವಾರಕ್ಕೆ ಜಾಮೀನಲ್ಲ. ತನ್ನ ಸ್ವಂತ ಎರಡೆಕರೆಗೆ ಹೊಡೆದು ಮನೆಗೆ ಹೋಗುವ ರೈತನಿಗಿಂತ ಭೂಮಿಯಿಲ್ಲದ ಕೂಲಿಗೆ ಅಪಾಯ ಹೆಚ್ಚಾಗುವುದು ಹೀಗೆ.

ಲೆಕ್ಕಕ್ಕೆ ಬಾರದ ಹೆಂಗಸರು

ಪಂಪು ಹೊರುವವರು ಹೆಚ್ಚಾಗಿ ಗಂಡಸರು, ಆದ್ದರಿಂದ ಅಪಾಯವೂ ಅವರದೇ ಎಂಬ ಎಣಿಕೆ ಇದೆ. 2003ರಲ್ಲಿ ಭಾರತದ ಮೂರು ಹಳ್ಳಿಗಳ ಹತ್ತಿ ಬೆಳೆಗಾರರ ನಡುವೆ ಒಂದು ಹಂಗಾಮಿನುದ್ದಕ್ಕೂ ನಡೆದ ಅಧ್ಯಯನ ಈ ಎಣಿಕೆಯನ್ನು ಅಲ್ಲಗಳೆದಿದೆ. 50 ಮಂದಿ ಹೆಂಗಸರು ತಮಗೂ ತಮ್ಮ ಮನೆಯ 47 ಗಂಡಸರಿಗೂ ಪ್ರತಿ ಸಿಂಪಡಣೆಯ ನಂತರ ಏನೇನಾಯಿತೆಂದು ದಾಖಲಿಸಿದರು. 323 ಸಂದರ್ಭಗಳಲ್ಲಿ ಶೇ 80ಕ್ಕೂ ಹೆಚ್ಚು ಸಲ ಸೌಮ್ಯದಿಂದ ತೀವ್ರದವರೆಗಿನ ವಿಷಬಾಧೆಯ ಲಕ್ಷಣಗಳಿದ್ದವು. ಶೇ 6ರಷ್ಟು ಸಲ ನರಮಂಡಲದ ಲಕ್ಷಣಗಳು ಗಂಭೀರವಾಗಿದ್ದವು. ಅಷ್ಟಾದರೂ ಒಬ್ಬರೂ ವೈದ್ಯರ ಬಳಿ ಹೋಗಲಿಲ್ಲ. ಎಣ್ಣೆ ಕಲಕುವ, ಟ್ಯಾಂಕು ತುಂಬಿಸಿಕೊಡುವ ಹೆಂಗಸರ ಕೆಲಸ ಸಿಂಪಡಿಸುವಷ್ಟೇ ಅಪಾಯದ್ದು ಎಂಬುದೂ, ಜಮೀನುದಾರರಿಗಿಂತ ಬಡ ಸಣ್ಣ ಹಿಡುವಳಿದಾರರೇ ತೀವ್ರ ಬಾಧೆಗೆ ಹೆಚ್ಚು ಗುರಿಯಾಗುತ್ತಾರೆ ಎಂಬುದೂ ಗೊತ್ತಾಯಿತು. ಇದರಲ್ಲಿ ಅಚ್ಚರಿ ಇಲ್ಲ. ಪಂಪಿನಲ್ಲಿರುವುದು ನೀರು ಬೆರೆತ ವಿಷ, ಬಾಟಲಿಯಲ್ಲಿರುವುದು ಗಟ್ಟಿ ವಿಷ. ಅದನ್ನು ಅಳೆಯುವ ಕೈ ಅವರದು, ಸಂಜೆ ಗಂಡನ ಬಟ್ಟೆ ಒಗೆಯುವ ಕೈಯೂ ಅವರದೇ. ಆಸ್ಪತ್ರೆಗೆ ಹೋಗದವರು ಯಾವ ಸರ್ಕಾರಿ ಅಂಕಿಅಂಶದಲ್ಲೂ ಇರುವುದಿಲ್ಲ. ಯವತ್ಮಾಳದಂಥ ಸುದ್ದಿ ಅಪರೂಪ ಎನಿಸುವುದು ಬಾಧೆ ಅಪರೂಪವಾದ್ದರಿಂದಲ್ಲ.

ಮಲೆನಾಡಿನ ಅಡಿಕೆ ತೋಟದ ಮಾತು ಬೇರೆಯಲ್ಲವೇ, ಅಲ್ಲಿ ಹೊಡೆಯುವುದು ಬರೀ ಮೈಲುತುತ್ತ ಸುಣ್ಣ ಎಂದು ಕೆಲವರಿಗನ್ನಿಸಬಹುದು. ನರವಿಷದ ಲೆಕ್ಕದಲ್ಲಿ ಬೇರೆಯೇ ನಿಜ. ಆದರೂ ವರ್ಷಗಟ್ಟಲೆ ಅದೇ ಮಿಶ್ರಣದ, ಎಂದರೆ ಬೋರ್ಡೊ ದ್ರಾವಣದ, ತುಂತುರು ಉಸಿರಾಡಿದ ಪೋರ್ಚುಗಲ್ಲಿನ ದ್ರಾಕ್ಷಿ ತೋಟದ ಆಳುಗಳ ಶ್ವಾಸಕೋಶದಲ್ಲಿ ತಾಮ್ರದ ಕಣಗಳೂ ಗಂಟುಗಳೂ ಕಂಡುಬಂದದ್ದು 1969ರಲ್ಲೇ ವೈದ್ಯಕೀಯ ದಾಖಲೆಗೆ ಸೇರಿದೆ.

ತೊಡಲಾಗದ ರಕ್ಷೆ

ಈಗ ಮೊದಲ ಆಕ್ಷೇಪಕ್ಕೆ ಬರೋಣ. ಕಿಟ್ ಕೊಟ್ಟರೂ ತೊಡುವುದಿಲ್ಲವಲ್ಲ, ಅದಕ್ಕೆ ಯಾರೇನು ಮಾಡಲಾದೀತು? ತೊಡುವುದಿಲ್ಲ ಎಂಬುದು ವಾಸ್ತವ. ಏಕೆ ಎಂಬುದೂ ಗುಟ್ಟಲ್ಲ. ಬೆನ್ನಿಗೆ 20 ಕಿಲೋದಷ್ಟು ಭಾರ ಹೊತ್ತು, ನೀರು ದಾಟದ ಉದ್ದತೋಳಿನ ಅಂಗಿ, ರಬ್ಬರ್ ಬೂಟು, ಕೈಗವಸು, ಕನ್ನಡಕ, ಆವಿಯನ್ನೂ ಸೋಸುವ ಮಾಸ್ಕ್ ಇಷ್ಟನ್ನೂ ಧರಿಸಿ ಉತ್ತರ ಕರ್ನಾಟಕದ ಬಿಸಿಲಿನಲ್ಲಿ ನಾಲ್ಕು ಗಂಟೆ ದುಡಿದವನು ವಿಷದಿಂದ ಪಾರಾದರೂ ಶಾಖಾಘಾತಕ್ಕೆ ಸಿಕ್ಕಾನು. ಸಾಮಾನ್ಯವಾಗಿ ಹಂಚುವ ತೆಳು ಬಟ್ಟೆಯ ಮಾಸ್ಕಂತೂ ಧೂಳಿಗೆ ಸರಿ, ಆವಿಗೆ ಅಲ್ಲ. ಬಿಸಿಪ್ರದೇಶದ ಸಣ್ಣ ರೈತರಿಗೆ ಇದು ಆಗುವ ಮಾತಲ್ಲ ಎಂದು ಕೀಟನಾಶಕ ಉದ್ಯಮವೂ ಒಪ್ಪಿಕೊಂಡಿರುವ ಅಂತರರಾಷ್ಟ್ರೀಯ ದಾಖಲೆಯೇ ಹೇಳುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರಲ್ಲಿ ಮೊದಲು ಅಂಗೀಕರಿಸಿದ, ಈಗ ವಿಶ್ವ ಆರೋಗ್ಯ ಸಂಸ್ಥೆಯೂ ಜೊತೆಗೂಡಿರುವ ನೀತಿಸಂಹಿತೆಯ ಪ್ರಕಾರ, ತೊಡಲು ಕಷ್ಟವಾದ, ದುಬಾರಿಯಾದ ಅಥವಾ ಸುಲಭಕ್ಕೆ ಸಿಗದ ರಕ್ಷಾ ಸಾಧನ ಬೇಕಾಗುವಂಥ ಕೀಟನಾಶಕಗಳನ್ನು ಬಿಸಿ ಹವಾಮಾನದ ಸಣ್ಣ ರೈತರ, ಕೂಲಿಕಾರರ ಮಟ್ಟಿಗೆ ಬಳಸದೆ ಬಿಡಬೇಕು. ಎಂದರೆ ಕಿಟ್ ತೊಡದವನದು ನಿಯಮಭಂಗವಲ್ಲ. ಕಿಟ್ ಇಲ್ಲದೆ ಮುಟ್ಟಲಾಗದ ವಿಷವನ್ನು ಅವನ ಕೈಗೆ ತಲುಪಿಸಿದ್ದೇ ಭಂಗ.

ನಮ್ಮ ಕಾನೂನು ಈ ದಿಕ್ಕಿನಲ್ಲಿ ಏಕೆ ಯೋಚಿಸಲಿಲ್ಲ? ಅದರ ಹುಟ್ಟಿನಲ್ಲೇ ಅರ್ಧ ಉತ್ತರವಿದೆ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಬೆರೆತ ಗೋಧಿ ಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಅದರ ಬೆನ್ನಿಗೆ ನಡೆದ ವಿಚಾರಣೆಯ ಫಲ 1968ರ ಕೀಟನಾಶಕ ಕಾಯ್ದೆ. ತಿನ್ನುವವನ ಸಾವಿನಿಂದ ಹುಟ್ಟಿದ ಕಾಯ್ದೆ ತಿನ್ನುವವನ ಕಡೆಗೇ ಹೆಚ್ಚು ನೋಡಿತು. ಮೊನೊಕ್ರೊಟೊಫಾಸ್ ಕಥೆಯಲ್ಲಿ ಇದು ಢಾಳಾಗಿ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಅತಿ ಅಪಾಯಕಾರಿ ವರ್ಗಕ್ಕೆ ಸೇರಿಸಿದ್ದ ಈ ವಿಷವನ್ನು ತರಕಾರಿಗೆ ಹೊಡೆಯಬಾರದೆಂದು ಸರ್ಕಾರ 2005ರಲ್ಲೇ ಹೇಳಿತು. ಹತ್ತಿಗೆ ಹೊಡೆಯಬಹುದಿತ್ತು. ಹತ್ತಿಯನ್ನು ಯಾರೂ ತಿನ್ನುವುದಿಲ್ಲವಲ್ಲ! 2013ರಲ್ಲಿ ಬಿಹಾರದ ಸಾರಣ ಜಿಲ್ಲೆಯಲ್ಲಿ ಈ ವಿಷ ಬೆರೆತ ಬಿಸಿಯೂಟ ಉಂಡು 23 ಮಕ್ಕಳು ಸತ್ತಾಗಲೂ ಅದು ಅಂಗಡಿಯಲ್ಲಿ ಉಳಿಯಿತು. ಬಹುಬಳಕೆಯ ಶೇ 36ರ ದ್ರಾವಣವನ್ನು ಹಂತಹಂತವಾಗಿ ನಿಲ್ಲಿಸುವ ಆದೇಶ ಬಂದದ್ದು 2023ರಲ್ಲಿ. ಎಲೆಕೋಸಿನ ಮೇಲಿದ್ದರೆ ಅಪಾಯವಾದದ್ದು ಕೂಲಿಯವನ ಬೆನ್ನ ಮೇಲೆ ಹದಿನೆಂಟು ವರ್ಷ ಅಪಾಯವಾಗಿರಲಿಲ್ಲ ಎಂದು ಇದರಿಂದ ತಿಳಿಯಬೇಕಾಗುತ್ತದೆ. ಸಾವಯವ ಸೊಪ್ಪು ಹುಡುಕಿ ಕೊಳ್ಳುವ ನಗರದ ನಮಗೂ ಈ ದೃಷ್ಟಿದೋಷ ಇದೆ ಎಂಬುದನ್ನು ಮರೆಯುವ ಹಾಗಿಲ್ಲ.

‘ಎಣ್ಣೆ ಹೊಡೆಯದೆ ಬೆಳೆ ಬಂದೀತೆ?’

ವಿಷಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋದರೆ ಇಳುವರಿ ಬೀಳುತ್ತದೆ, ರೈತ ಮುಳುಗುತ್ತಾನೆ ಎಂಬುದು ಎರಡನೆಯ ಆಕ್ಷೇಪ, ಮೊದಲಿನದಕ್ಕಿಂತ ಗಟ್ಟಿಯಾದದ್ದು. ಇದನ್ನು ಹೇಳುವವರು ಈಗ ಶ್ರೀಲಂಕಾದತ್ತ ಬೆರಳು ತೋರಿಸುತ್ತಾರೆ. 2021ರಲ್ಲಿ ಅಲ್ಲಿನ ಸರ್ಕಾರ ರಸಗೊಬ್ಬರ, ಕೀಟನಾಶಕಗಳ ಆಮದನ್ನು ರಾತ್ರೋರಾತ್ರಿ ನಿಲ್ಲಿಸಿ ಭತ್ತ, ಚಹಾ ಎರಡನ್ನೂ ಕೆಡಿಸಿಕೊಂಡಿತು. ಆದರೆ ಅದೇ ಶ್ರೀಲಂಕಾದಲ್ಲಿ ಅದಕ್ಕೂ ಮೊದಲಿನ ಇನ್ನೊಂದು ಅನುಭವವಿದೆ. 1995ರಲ್ಲಿ ಮೊನೊಕ್ರೊಟೊಫಾಸ್, ಮೆಥಮಿಡೊಫಾಸ್‌ನಂಥ ಅತಿ ವಿಷಕಾರಿಗಳನ್ನೂ 1998ರಲ್ಲಿ ಎಂಡೋಸಲ್ಫಾನನ್ನೂ ಆ ದೇಶ ಕೈಬಿಟ್ಟಿತು, ಉಳಿದವನ್ನು ಉಳಿಸಿಕೊಂಡಿತು. ಮುಖ್ಯ ಬೆಳೆಗಳ ಇಳುವರಿ ಕುಸಿಯಲಿಲ್ಲವೆಂದು ನಂತರದ ಅಧ್ಯಯನ ತೋರಿಸಿತು. ಲಕ್ಷಕ್ಕೆ 47ರಷ್ಟಿದ್ದ ಆತ್ಮಹತ್ಯೆ ಪ್ರಮಾಣ ಹತ್ತು ವರ್ಷದಲ್ಲಿ 24ಕ್ಕೆ ಇಳಿಯಿತು. ಎಲ್ಲವನ್ನೂ ಒಮ್ಮೆಲೇ ಬಿಡುವುದು ಬೇರೆ, ಅತಿ ಕೆಟ್ಟದ್ದನ್ನು ಆರಿಸಿ ತೆಗೆಯುವುದು ಬೇರೆ. ಮೊದಲನೆಯದರ ವೈಫಲ್ಯವನ್ನು ಎರಡನೆಯದರ ಮೇಲೆ ಹೇರುವುದು ವಾದವಲ್ಲ, ಜಾಣ್ಮೆ ಅಷ್ಟೆ.

ಆತ್ಮಹತ್ಯೆಯ ಮಾತು ಬಂದದ್ದರಿಂದ ಹೇಳಬೇಕು: ಕೀಟನಾಶಕದಿಂದ ಸಾಯುವವರಲ್ಲಿ ಹೆಚ್ಚಿನವರು ಕುಡಿದು ಸತ್ತವರು, ಹೊಡೆಯುವಾಗ ಸತ್ತವರಲ್ಲ ಎಂಬುದು ಸರಿ. ಅದರ ಇನ್ನೊಂದು ಪರಿಣಾಮ ಆಸ್ಪತ್ರೆಯಲ್ಲಿ ಕಾಣುತ್ತದೆ. ವಿಷದ ವಾಸನೆ ಹೊತ್ತು ಬಂದ ಕೂಲಿಯವನನ್ನು ಮೊದಲು ಅನುಮಾನದಿಂದಲೇ ನೋಡುತ್ತಾರೆ. ಮೈಗೆ ತಾಗಿದ್ದು, ಕುಡಿದದ್ದಲ್ಲ ಎಂದು ಸಾಬೀತು ಮಾಡುವ ಹೊಣೆ ಮನೆಯವರ ಮೇಲೆ ಬೀಳುತ್ತದೆ. ಆದರೆ ಎರಡೂ ಸಾವಿನ ಬಾಟಲಿ ಒಂದೇ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೂ ಮದ್ದೇ.

ಯಾವ ಎಣ್ಣೆ, ಎಷ್ಟು, ಎಷ್ಟು ಸಲ ಎಂಬುದನ್ನು ನಮ್ಮಲ್ಲಿ ಹೆಚ್ಚಾಗಿ ತೀರ್ಮಾನಿಸುವವನು ಗೊಬ್ಬರದಂಗಡಿಯವನು. ರೈತನಿಗೆ ಸಾಲ ಕೊಡುವವನೂ ಅವನೇ, ಸಲಹೆ ಕೊಡುವವನೂ ಅವನೇ. ಮಾರಿದಷ್ಟೂ ಲಾಭವಿರುವವನಿಂದ ‘ಈ ಸಲ ಹೊಡೆಯಬೇಡ’ ಎಂಬ ಸಲಹೆ ಬರಲಿ ಎಂದು ಕಾಯುವುದು ದಡ್ಡತನ. ಮೋಹಕ ಬಲೆ ಹಾಕಿ ಹುಳದ ಎಣಿಕೆ ನೋಡಿಕೊಂಡು ಹೊಡೆಯುವುದು, ಗುಲಾಬಿ ಕಾಯಿಕೊರಕ ಮುಂದಿನ ವರ್ಷಕ್ಕೆ ದಾಟದಂತೆ ಬೆಳೆಯನ್ನು ತಡಮಾಡದೆ ಮುಗಿಸಿ ಹತ್ತಿಕಟ್ಟಿಗೆ ತೆಗೆಯುವುದು, ಇವು ಕೃಷಿ ವಿಶ್ವವಿದ್ಯಾಲಯಗಳು ಹೇಳುತ್ತಲೇ ಬಂದಿರುವ ಕ್ರಮಗಳು. ಹೊಲದಲ್ಲಿ ನಿಂತು ಅದನ್ನು ಹೇಳಲು ಮಾರಾಟದ ಹಂಗಿಲ್ಲದ ಮನುಷ್ಯ ಬೇಕು. ರೈತ ಸಂಪರ್ಕ ಕೇಂದ್ರಕ್ಕೆ ಅಂಥವರನ್ನು ನೇಮಿಸುವ ಖರ್ಚು ಕಿಟ್ ಹಂಚುವ ಖರ್ಚಿನಷ್ಟು ಫೋಟೊಗೆ ಒದಗುವುದಿಲ್ಲ ಎಂಬುದು ನಿಜ.

ಡ್ರೋನ್ ಬಂದರೆ

ಕಿಟ್ ಅಲ್ಲದೆ ಇನ್ನೊಂದು ಉತ್ತರ ಆಕಾಶದಿಂದ ಬರುತ್ತಿದೆ. ಮಹಿಳಾ ಸ್ವಸಹಾಯ ಸಂಘಗಳಿಗೆ 15,000 ಡ್ರೋನ್ ಕೊಡುವ ‘ನಮೋ ಡ್ರೋನ್ ದೀದಿ’ ಯೋಜನೆಗೆ ಕೇಂದ್ರ ಸಂಪುಟ 2023ರ ನವೆಂಬರಿನಲ್ಲಿ ಒಪ್ಪಿಗೆ ನೀಡಿತು. ಬೆಳೆಯೊಳಗೆ ಯಾರೂ ನಡೆಯಬೇಕಿಲ್ಲ ಎಂಬುದು ದೊಡ್ಡ ಲಾಭ, ಅದನ್ನು ಕಡೆಗಣಿಸುವಂತಿಲ್ಲ. ಆದರೆ ಕೈಯಿಂದ ಎಕರೆಗೆ 150–200 ಲೀಟರಿನಲ್ಲಿ ಹೊಡೆಯುತ್ತಿದ್ದ ಔಷಧಿಯನ್ನು ಡ್ರೋನ್ ಸುಮಾರು 10 ಲೀಟರಿನಲ್ಲಿ ಹೊಡೆಯುತ್ತದೆ. ಹನಿ ನುಣುಪು, ದ್ರಾವಣ ಹತ್ತು ಪಟ್ಟಿಗೂ ಮೀರಿ ಗಟ್ಟಿ. ಗಾಳಿ ಬಂದರೆ ಪಕ್ಕದ ಹೊಲದಲ್ಲಿ ಕಳೆ ಕೀಳುವವರ ಮೇಲೆ. ಟ್ಯಾಂಕಿಗೆ ಅಳೆದು ಸುರಿಯುವ ಕೈ ಮೊದಲಿನ ಹಾಗೆ ಹೆಂಗಸಿನದೇ, ಈ ಸಲ ಸರ್ಕಾರಿ ಯೋಜನೆಯ ಮುದ್ರೆಯೊಂದಿಗೆ. ಮೇಲಿನಿಂದ ಸುರಿದ ವಿಷ ಎಲ್ಲಿ ಇಳಿಯುತ್ತದೆ ಎಂಬ ಪಾಠ ಕರ್ನಾಟಕಕ್ಕೆ ಹೊಸದೂ ಅಲ್ಲ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಸುತ್ತಲಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದರ ಫಲವನ್ನು ಅಲ್ಲಿನ ಮನೆಗಳು ಇಂದಿಗೂ ಉಣ್ಣುತ್ತಿವೆ. ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ಅದರ ತಯಾರಿ, ಮಾರಾಟ, ಬಳಕೆಗೆ ತಡೆ ಹಾಕಿದಾಗ ನಿಂತದ್ದು ಆ ವಿಷವೇ ಹೊರತು ಸಿಂಪಡಣೆಯ ವಿಧಾನವಲ್ಲ ಎಂಬುದು ಈ ಚರ್ಚೆಗೆ ಮುಖ್ಯ. ಯಂತ್ರ ಬದಲಾದರೆ ವಿಷ ಬೀಳುವ ಜಾಗ ಬದಲಾಗುತ್ತದೆ, ಅಷ್ಟೆ.

ತಿಂಗಳಿಗೊಮ್ಮೆ ರಕ್ತಪರೀಕ್ಷೆ

ಕೆಲಸಗಾರನನ್ನು ಕೆಲಸಗಾರನೆಂದೇ ನೋಡಿದರೆ ಏನು ಮಾಡಬಹುದೆಂಬುದಕ್ಕೆ ಕ್ಯಾಲಿಫೋರ್ನಿಯಾ ಉದಾಹರಣೆ. ಕೋಲಿನೆಸ್ಟರೇಸ್ ಕುಗ್ಗಿಸುವ ತೀಕ್ಷ್ಣ ವಿಷಗಳನ್ನು ಪದೇ ಪದೇ ಮುಟ್ಟುವ ಕೃಷಿ ಕಾರ್ಮಿಕರ ರಕ್ತವನ್ನು ಅಲ್ಲಿ 1974ರಿಂದ ಪರೀಕ್ಷಿಸುತ್ತಿದ್ದಾರೆ. ಹಂಗಾಮಿಗೆ ಮೊದಲು ಅವರವರ ಸಹಜ ಮಟ್ಟ ಗುರುತಿಸಿಕೊಳ್ಳುತ್ತಾರೆ. ಅದರ ಶೇ 80ಕ್ಕಿಂತ ಕೆಳಗಿಳಿದರೆ ಕೆಲಸದ ರೀತಿಯನ್ನು ತಪಾಸಣೆ ಮಾಡಬೇಕು. ಕೆಂಪು ರಕ್ತಕಣದಲ್ಲಿ ಶೇ 70ಕ್ಕೆ ಅಥವಾ ಪ್ಲಾಸ್ಮಾದಲ್ಲಿ ಶೇ 60ಕ್ಕೆ ಇಳಿದರೆ ಅವನನ್ನು ಆ ಕೆಲಸದಿಂದ ತೆಗೆದು, ಶೇ 80ಕ್ಕೆ ಮರಳುವ ತನಕ ಬೇರೆ ಕೆಲಸಕ್ಕೆ ಹಚ್ಚಬೇಕು. ಕುಸಿದು ಬೀಳುವ ಮೊದಲೇ ತಿಳಿಯುತ್ತದೆ. ಶ್ರೀಮಂತ ದೇಶದ ಮಾತು, ನಮಗೆಲ್ಲಿ ಆದೀತು ಎನ್ನುವ ಮುಂಚೆ ನಮ್ಮದೇ 1971ರ ಕೀಟನಾಶಕ ನಿಯಮಾವಳಿಯನ್ನು ತೆರೆದು ನೋಡಬೇಕು. ಕೀಟನಾಶಕದ ಸಂಪರ್ಕಕ್ಕೆ ಬರುವ ಕೆಲಸಗಾರರನ್ನು ಕೆಲಸಕ್ಕೆ ಸೇರಿಸಿಕೊಳ್ಳುವಾಗಲೂ ಆಮೇಲೆ ನಿಯತವಾಗಿಯೂ ವೈದ್ಯರು ಪರೀಕ್ಷಿಸಬೇಕು. ತಯಾರಿಕಾ ಘಟಕಗಳಲ್ಲಿ ಆರ್ಗನೊಫಾಸ್ಫೇಟ್, ಕಾರ್ಬಮೇಟ್ ವಿಷಗಳೊಂದಿಗೆ ದುಡಿಯುವವರ ರಕ್ತದ ಕೋಲಿನೆಸ್ಟರೇಸ್ ಮಟ್ಟವನ್ನು ತಿಂಗಳಿಗೊಮ್ಮೆ ಅಳೆಯಬೇಕು ಎಂದು ಅದರಲ್ಲೇ ಬರೆದಿದೆ.

ಆ ನಿಯಮ ಬರೆದವರ ಮನಸ್ಸಿನಲ್ಲಿದ್ದದ್ದು ಹಾಜರಿ ಪುಸ್ತಕ ಇರುವ, ಮಾಲೀಕ ಯಾರೆಂದು ಗೊತ್ತಿರುವ ಕಾರ್ಖಾನೆ, ಗೋದಾಮು. ಹಂಗಾಮಿನಲ್ಲಿ ಆಸುಪಾಸಿನ ಹತ್ತಾರು ಹೊಲಗಳಿಗೆ ಟ್ಯಾಂಕಿನ ಲೆಕ್ಕದಲ್ಲಿ ಹೊಡೆಯುವವನಿಗೆ ಅಂಥ ಮಾಲೀಕನಿಲ್ಲ. ಹೊಲದ ರೈತನೂ ಪರೀಕ್ಷೆ ಮಾಡಿಸುವಷ್ಟು ಸ್ಥಿತಿವಂತನಲ್ಲ. ತಾಲ್ಲೂಕು ಆಸ್ಪತ್ರೆಯೇ ಮುಂಗಾರಿಗೆ ಮೊದಲು ಒಮ್ಮೆ, ಹತ್ತಿ ಹೂಬಿಟ್ಟು ಕಾಯಿ ಕಟ್ಟುವ ತಿಂಗಳುಗಳಲ್ಲಿ ತಿಂಗಳಿಗೊಮ್ಮೆ, ಸಿಂಪಡಣೆಗೆ ಹೋಗುವವರ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ನೋಡಬಹುದು. ಅದರ ಖರ್ಚನ್ನು ಬಾಟಲಿಯ ಬೆಲೆಗೇ ಸೇರಿಸಬಹುದು, ಮಾರಿದವನು ತುಂಬಿಕೊಡಲಿ. ಸದ್ಯಕ್ಕಂತೂ ನಿಯಮ ಪುಸ್ತಕದಲ್ಲಿದೆ, ಅದನ್ನು ಯಾರು ಮಾಡಿಸಬೇಕು ಎಂಬ ಸಾಲಿನಲ್ಲಿ ಹೊಲದ ಕೂಲಿಯವನ ಪಾಲಿಗೆ ಯಾರ ಹೆಸರೂ ಇಲ್ಲ.